ಒಂದು ಚಹಾ ಹೊತ್ತಿನ ವ್ಯಾಕ್ಯೂಮ್

ಶಹಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಆ ಪುಟ್ಟ ಸೀಸೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಒಳಗಿದ್ದದ್ದು ಇನ್ಸುಲಿನ್. ಹೊರಳಿಸಿದ ಮೇಲೆ ಅದು ಹಾಲಿನಂತೆ ಒಂದೇ ಸಮನಾಗಬೇಕು. ಆಗಲಿಲ್ಲ. ಗಾಜಿನ ಒಳಮೈಗೆ ಬಿಳಿಯ ಸಣ್ಣ ಚೂರುಗಳು ಅಂಟಿಕೊಂಡೇ ಉಳಿದವು.

"ಇದನ್ನ ಎಲ್ಲಿ ಇಡತೀರಿ?" ಎಂದು ಕೇಳಿದರು.

"ಫ್ರಿಜ್‌ನ್ಯಾಗ್ರಿ ಸರ," ಎಂದಳು ನನ್ನ ತಂಗಿ. "ಮ್ಯಾಲಿನ ಹಂತದಾಗ, ಐಸ್ ಡಬ್ಬಿಗಿ ಹತ್ತಿಸಿ. ಅಲ್ಲೇ ಭಾಳ ತಂಪಿರ್ತದಂತ."

"ಇದು ಒಮ್ಮೆ ಐಸ್ ಆಗಿ ಕರಗ್ಯಾದ. ಇನ್ನ ಇದು ಔಷಧ ಅಲ್ಲ. ಚುಚ್ಚಿದ್ರೂ ಅಷ್ಟ, ಬಿಟ್ರೂ ಅಷ್ಟ."

ನಮ್ಮ ಬೆನ್ನ ಹಿಂದಿನ ಮಂಚದ ಮೇಲೆ ತಂಗಿಯ ಮಗಳು ಮಲಗಿದ್ದಳು. ಒಂಬತ್ತನೆಯ ತರಗತಿಯ ಹುಡುಗಿ. ಚಿಕ್ಕಂದಿನಿಂದ ದಿನವೂ ಸೂಜಿ ಚುಚ್ಚಿಕೊಂಡೇ ಬೆಳೆದವಳು. ಅವಳ ಉಸಿರು ಆಳವಾಗಿ, ಓಡಿ ಬಂದವರ ಉಸಿರಿನಂತೆ ಏರಿಳಿಯುತ್ತಿತ್ತು. ಹತ್ತಿರ ಬಗ್ಗಿದರೆ ಹಣ್ಣು ಕೊಳೆತ ವಾಸನೆ ಬರುತ್ತಿತ್ತು. ಆ ವಾಸನೆಯನ್ನು ನಾನು ಇನ್ನೂ ಮರೆತಿಲ್ಲ. ಈಗಲೂ ಮಾಗಿದ ಬಾಳೆಹಣ್ಣಿನ ಬುಟ್ಟಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತೇನೆ.

ಹುಡುಗಿ ಉಳಿದಳು. ಎದ್ದು ಕೂತು ಅನ್ನ ಕೇಳಿದಳು. ಆದರೆ ತಂಗಿ ಅವಳನ್ನು ಸುರಪುರದ ಮನೆಗೆ ಕರೆದುಕೊಂಡು ಹೋಗಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ಶಹಾಪುರದ ನನ್ನ ಮನೆಗೆ ತಂದು ಬಿಟ್ಟಳು. ನನ್ನ ಮನೆಯ ಫ್ರಿಜ್ ಹಳೆಯದಾದರೂ ಎಂದೂ ಕೈಕೊಟ್ಟಿರಲಿಲ್ಲ.

"ಇಲ್ಲೇ ಇರ್ಲಿ ಯಕ್ಕಾ. ಇಲ್ಲೇ ಸಾಲಿಗಿ ಹಾಕು."

"ಹೊಸಾ ಫ್ರಿಜ್ ತಂದ್ರ ಆತಲ್ಲ," ಎಂದೆ.

"ಹೊಸದೂ ಫ್ರಿಜ್ಜೇ ಅಲ್ಲೇನು? ನಮ್ಮದೂ ಒಂದಿನ ಹೊಸದಿತ್ತು. ಅದು ಯಾಕ ಮೋಸ ಮಾಡ್ತಂತ ನನಗ ಯಾರರ ಹೇಳಲಿ. ಆಮ್ಯಾಲ ಹಳೇದರ ಇಟಗೋತೀನಿ, ಹೊಸದರ ತರ್ತೀನಿ. ತಿಳೀಲಾರದ ಪೆಟಗ್ಯಾಗ ನನ್ನ ಮಗಳ ಜೀವಾ ಇಡಂಗಿಲ್ಲ."

ಮಣ್ಣಿನ ಗಡಿಗೆಯಲ್ಲಿ ಒದ್ದೆ ಬಟ್ಟೆ ಸುತ್ತಿ ಇಡಬಹುದೇ ಎಂದು ಡಾಕ್ಟರನ್ನು ಕೇಳಿಯೂ ಆಗಿತ್ತು. ತೆರೆದ ಸೀಸೆಗೆ, ಮಳೆಗಾಲದಲ್ಲಿ, ನಡೆಯುತ್ತದೆ ಎಂದಿದ್ದರು. ಸುರಪುರದ ಬೇಸಿಗೆಗೆ ಅದನ್ನೇ ನಂಬಿ ಕೂಡಬೇಡಿ ಎಂದೂ ಹೇಳಿದ್ದರು.

ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಾಯಿ ಹೋದ ಮೇಲೆ ಎದ್ದು ಕೂತು, "ದೊಡ್ಡವ್ವ, ನಾ ನಮ್ಮ ಮನಿಗಿ ಹೋಗಾಕ ಫ್ರಿಜ್ ಪಾಸ್ ಆಗಬೇಕಾ?" ಎಂದಳು. ಅವಳ ಗೆಳತಿಯರು, ಸಾಲೆ, ಖೋಖೋ ಆಟ ಎಲ್ಲವೂ ಸುರಪುರದಲ್ಲಿದ್ದವು. ಆ ಪ್ರಶ್ನೆ ನನ್ನೊಳಗೆ ಕೂತುಬಿಟ್ಟಿತು. ಆ ಪೆಟ್ಟಿಗೆಯೊಳಗೆ ನಿಜವಾಗಿ ಏನಾಗಿತ್ತು?

ತಂಗಿಯಿಂದ ಕೇಳಿ ತಿಳಿದದ್ದನ್ನು ನಾನು ಕ್ರಮವಾಗಿ ಜೋಡಿಸಿದೆ. ಮಳೆಗಾಲದ ಆರಂಭದಲ್ಲಿ ಐಸ್ ಡಬ್ಬಿಯಲ್ಲಿ ತಟ್ಟೆಯೊಂದು ಹೆಪ್ಪುಗಟ್ಟಿ ಸಿಕ್ಕಿಹಾಕಿಕೊಂಡಿತ್ತು. ಅವಳು ಅದನ್ನು ಚಾಕುವಿನಿಂದ ಮೀಟಿದಳು. ಚಾಕು ಗ್ಯಾಸ್ ಓಡುವ ಡಬ್ಬಿಯ ತಗಡನ್ನು ಚುಚ್ಚಿ ಸುಸ್ಸೆಂದು ಸದ್ದು ಬಂತು. ಗ್ಯಾಸ್ ಹೋಯಿತು. ಅವಳಿಗೆ ಅದು ತಿಳಿಯದೆ, ಕರಗುತ್ತಿದ್ದ ಐಸಿನ ನೀರು ಆ ತೂತಿನ ಮೇಲೆ ನಿಂತಿದ್ದಂತೆಯೇ ಫ್ರಿಜ್ ಓಡುತ್ತಲೇ ಇತ್ತು. ಆಮೇಲೆ ಶಹಾಪುರದ ಮೆಕ್ಯಾನಿಕ್ ಹೋಗಿ ತೂತು ಮುಚ್ಚಿ ಹೊಸ ಗ್ಯಾಸ್ ತುಂಬಿದ. ಅಲ್ಲಿಂದ ಶುರುವಾಯಿತು ಅದರ ಆಟ. ಬೆಳಿಗ್ಗೆ ನೋಡಿದರೆ ಡಬ್ಬಿಯಿಂದ ನೀರು ತೊಟ್ಟಿಕ್ಕುವುದು, ಮಧ್ಯಾಹ್ನ ನೋಡಿದರೆ ಕಲ್ಲಿನಂಥ ಐಸ್. ಮೆಕ್ಯಾನಿಕ್‌ಗೆ ಫೋನು ಮಾಡಿದರೆ ಅವನು ಬಸ್ ಹಿಡಿದು ಬರುವಷ್ಟರಲ್ಲಿ ಅದು ತಣ್ಣಗೆ ಗುಂಯ್‌ಗುಡುತ್ತಿತ್ತು. ಅದು ನಿಂತಾಗಲೆಲ್ಲ ತಂಗಿ ತಂಪಿನ ತಿರುಗಣಿಯನ್ನು ಇನ್ನಷ್ಟು ತಿರುಗಿಸಿದಳು. ಕೊನೆಗೆ ಅದು ತುದಿಗೆ ಬಂದು ನಿಂತಿತು. ಆಮೇಲೊಂದು ದಿನ ಫ್ರಿಜ್ ಮತ್ತೆ ಓಡತೊಡಗಿದಾಗ ತಡೆಯುವುದು ಏನೂ ಇರಲಿಲ್ಲ. ಸೀಸೆ ಐಸಾಯಿತು.

ಅಲ್ಲಿಯವರೆಗೆ ನನಗೆ ಅರ್ಥವಾಯಿತು. ನಿಲ್ಲುವುದು ಮತ್ತು ಓಡುವುದು ಏಕೆ ಎಂಬುದು ಅರ್ಥವಾಗಲಿಲ್ಲ.

ಫ್ರಿಜ್ಜನ್ನು ಗೂಡ್ಸ್ ಆಟೋದಲ್ಲಿ ಶಹಾಪುರಕ್ಕೆ ತರಿಸಿದೆ. ಮೆಕ್ಯಾನಿಕ್‌ನ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿದೆ. ಅಂಗಡಿಯೆಂದರೆ ಒಳಗೊಂದು ಕತ್ತಲೆಯ ಕೋಣೆ, ಹೊರಗೆ ಶಹಾಬಾದ್ ಕಲ್ಲು ಹಾಸಿದ ಕಟ್ಟೆ. ಕೆಲಸವೆಲ್ಲ ಕಟ್ಟೆಯ ಮೇಲೆ. ಮಳೆ ಬಂದರೆ ಮೇಲೊಂದು ತಾಡಪತ್ರಿ ಎಳೆಯುತ್ತಾನೆ. ಐವತ್ತರ ಹತ್ತಿರದ ಮನುಷ್ಯ. ಗಿರಾಕಿಗಳೊಡನೆ ಕನ್ನಡ, ಸಾಮಾನುಗಳೊಡನೆ ದಖನಿ ಉರ್ದು. ಸಡಿಲಾಗದ ಬೋಲ್ಟಿಗೆ ಅವನು ಬೈಯುವುದು ಮಾತ್ರ ಉರ್ದುವಿನಲ್ಲಿ.

"ಅಕ್ಕಾರ, ಈ ಫ್ರಿಜ್ ನನ್ನ ಮುಖಾ ನೋಡಿದ್ರ ಸರಿ ಆಗ್ತದ," ಎಂದ. "ನನ್ನ ಫೋಟೋ ಒಂದು ಅದರ ಮ್ಯಾಲ ಹಚ್ಚಿಬಿಡ್ರಿ."

"ನಗಬ್ಯಾಡ್ರಿ ಭಾಯಿ. ಹುಡುಗಿ ದವಾಖಾನಿ ಕಂಡು ಬಂದಾಳ."

ಅವನು ನಗುವುದನ್ನು ಬಿಟ್ಟ. ಫ್ರಿಜ್ಜನ್ನು ತಿರುಗಿಸಿ, ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್ ಮುಂದೆ ಕೂತ. "ತೂತು ಮುಚ್ಚೀನಿ. ಫಿಲ್ಟರ್ ಹೊಸದು ಹಾಕೀನಿ. ವ್ಯಾಕ್ಯೂಮ್ ಮಾಡೀನಿ. ಗ್ಯಾಸ್ ತೂಗಿ ತುಂಬೀನಿ. ಏನು ಬಿಟ್ಟೀನಿ ನೀವೇ ಹೇಳ್ರಿ," ಎಂದ.

"ನನಗೇನು ಗೊತ್ತು? ಮತ್ತೊಮ್ಮೆ ಮಾಡ್ರಿ. ನಾ ಕೂತು ನೋಡ್ತೀನಿ."

ನಾನು ಯಾದಗಿರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಲ್ಯಾಬ್ ಸಹಾಯಕಿ. ದಿನವೂ ಭೀಮಾ ಸೇತುವೆ ದಾಟಿ ಹೋಗಿ ಬರುತ್ತೇನೆ. ಪಾಠ ಹೇಳುವವಳಲ್ಲ. ಸಾಮಾನು ಹೊರತೆಗೆದು, ಜೋಡಿಸಿ, ಒರೆಸಿ, ಮತ್ತೆ ಒಳಗಿಡುವವಳು. ಆದ್ದರಿಂದ ನೋಡುತ್ತ ಕೂಡುವುದು ನನಗೆ ಅಭ್ಯಾಸ.

ಅವನು ಹಳೆಯ ಗ್ಯಾಸನ್ನು ತೆಗೆದ. ನಳಿಗೆಗೆ ಒತ್ತಡ ತೋರಿಸುವ ಗೇಜು ಸೇರಿಸಿದ. ಆಮೇಲೆ ಪಂಪು. ಅವನ ಪಂಪೆಂದರೆ ಯಾವುದೋ ಸತ್ತ ಫ್ರಿಜ್ಜಿನಿಂದ ಬಿಚ್ಚಿಕೊಂಡ ಕಂಪ್ರೆಸರ್. ಅದನ್ನು ಹಚ್ಚಿದ. ಗೇಜಿನ ಸೂಜಿ ಸೊನ್ನೆಗಿಂತ ಕೆಳಗೆ ಜಾರತೊಡಗಿತು. ಗ್ಯಾಸ್ ತುಂಬುವ ಮೊದಲು ಒಳಗಿನ ಗಾಳಿಯನ್ನೆಲ್ಲ ಎಳೆದು ಹಾಕುವ ಕೆಲಸ ಇದು.

"ನಡ್ರಿ, ಚಹಾ ಕುಡಿದು ಬರೂಣು," ಎಂದ.

"ಎಷ್ಟೊತ್ತು ಓಡಿಸಬೇಕು?"

"ಒಂದು ಚಹಾ."

ನಾನು ತಮಾಷೆ ಅಂದುಕೊಂಡೆ. ಅಲ್ಲ. ಅದೇ ಅವರ ಲೆಕ್ಕ. ರಸ್ತೆ ದಾಟಿ ಹೋಟೆಲಿಗೆ ಹೋಗಿ, ಚಹಾ ಕುಡಿದು, ಎರಡು ಮಾತಾಡಿ ಬರುವಷ್ಟು ಹೊತ್ತು. ಅವನ ಉಸ್ತಾದನೂ ಹಾಗೇ ಮಾಡುತ್ತಿದ್ದನಂತೆ. ಊರಿನ ಉಳಿದ ಮೆಕ್ಯಾನಿಕ್‌ಗಳೂ ಹಾಗೇ ಮಾಡುತ್ತಾರಂತೆ. ನಾನು ಹೋಗಲಿಲ್ಲ. ಅವನು ರಸ್ತೆಯ ಆಚೆ ಮುಟ್ಟುವ ಮೊದಲೇ ಸೂಜಿ ಗೇಜಿನ ತಳ ಸೇರಿ ನಿಂತಿತ್ತು.

ಅವನು ಬಾಯಿ ಒರೆಸಿಕೊಳ್ಳುತ್ತ ಬಂದು ಗ್ಯಾಸ್ ಸಿಲಿಂಡರಿಗೆ ಕೈ ಹಾಕಿದ.

"ತಡೀರಿ," ಎಂದೆ. "ಪಂಪ್ ಬಂದ್ ಮಾಡಿ, ವಾಲ್ವ್ ಮುಚ್ಚಿ, ಸುಮ್ಮನ ಬಿಡ್ರಿ ಜರಾ."

"ಯಾಕ್ರಿ? ಸೂಜಿ ನೆಲಾ ಹಿಡದದ."

"ಹಿಡಕೊಂಡೇ ಇರ್ತದೇನು ನೋಡೂಣು."

ಇರಲಿಲ್ಲ. ಮೊದಲು ಅಲುಗಿದ್ದು ನನ್ನ ಕಣ್ಣಿನ ಭ್ರಮೆ ಎನಿಸಿತು. ಆಮೇಲೆ ಒಂದು ಗೆರೆ ಮೇಲೆ ಬಂತು. ಮತ್ತೆ ಇನ್ನೂ ಸ್ವಲ್ಪ.

"ಲೀಕ್," ಎಂದ ಅವನು. ದನಿ ಸಣ್ಣದಾಗಿತ್ತು. ಒಳಗೆ ಒತ್ತಡದಿಂದ ಒಣಗಾಳಿ ತುಂಬಿ ಪ್ರತಿ ಬೆಸುಗೆಗೂ ಸಾಬೂನಿನ ನೊರೆ ಹಚ್ಚಿದ. ಒಂದು ಗುಳ್ಳೆಯೂ ಏಳಲಿಲ್ಲ. ಮರುದಿನ ಬಂದು ನೋಡಿದರೂ ತುಂಬಿದ ಒತ್ತಡ ಹಾಗೇ ಇತ್ತು. ಅಂದರೆ ತೂತಿಲ್ಲ. ಮತ್ತೆ ವ್ಯಾಕ್ಯೂಮ್ ಮಾಡಿ ಮುಚ್ಚಿದೆವು. ಸೂಜಿ ಮತ್ತೆ ಎದ್ದಿತು. ಆದರೆ ಈ ಸಲ ಒಂದು ವಿಷಯ ಗಮನಿಸಿದೆ. ಅದು ಏರುತ್ತ ಏರುತ್ತ ನಿಧಾನವಾಗಿ, ಒಂದು ಕಡೆ ನಿಂತುಬಿಟ್ಟಿತು. ತೂತಿದ್ದರೆ ಹಾಗೆ ನಿಲ್ಲಲು ಕಾರಣವಿಲ್ಲ. ಹೊರಗಿನ ಗಾಳಿ ಸಮವಾಗುವ ತನಕ ಬರುತ್ತಲೇ ಇರಬೇಕು. ಇದು ಹೊರಗಿನಿಂದ ಬಂದದ್ದಲ್ಲ. ಒಳಗೇ ಇದ್ದದ್ದು ಎದ್ದದ್ದು.

ಬಸ್ಸಿನಲ್ಲಿ ಯಾದಗಿರಿಗೆ ಹೋಗುವಾಗ ನನಗೆ ನಮ್ಮ ಲ್ಯಾಬಿನ ಗಾಜಿನ ಗಂಟೆ ನೆನಪಾಯಿತು. ಅದೊಂದು ದೊಡ್ಡ ಗಾಜಿನ ಗುಮ್ಮಟ. ಒಳಗೆ ವಿದ್ಯುತ್ ಗಂಟೆ ತೂಗುಬಿಟ್ಟು ಗಾಳಿ ಎಳೆದರೆ ಸದ್ದು ಕುಗ್ಗಿ ಕುಗ್ಗಿ ಅಡಗುತ್ತದೆ. ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತೇವೆ. ಬೇಸಿಗೆಯಲ್ಲಿ ಸದ್ದು ಬೇಗ ಅಡಗುತ್ತದೆ. ಮಳೆಗಾಲದಲ್ಲಿ ಪಂಪು ಎಷ್ಟು ಒದರಿದರೂ ಗಂಟೆ ಸಣ್ಣಗೆ ಗುಣುಗುತ್ತಲೇ ಇರುತ್ತದೆ. ಒಮ್ಮೆ ಒದ್ದೆ ಬಟ್ಟೆಯಿಂದ ಗುಮ್ಮಟ ಒರೆಸಿದ ದಿನವಂತೂ ಗಾಳಿ ಹೋಗುವುದೇ ಇಲ್ಲವೇನೋ ಎನಿಸಿತ್ತು. ಹೊಸ ರಬ್ಬರ್ ಬಿರಡೆ ಹಾಕಿದಾಗಲೂ ಹಾಗೇ ಆಗಿತ್ತು, ಕೆಲವು ದಿನ ಬಳಸಿದ ಮೇಲೆ ತಾನೇ ಸರಿಹೋಗಿತ್ತು. ಇವನ್ನೆಲ್ಲ ನಾನು ಬೇರೆ ಬೇರೆ ಕಿರಿಕಿರಿಗಳೆಂದು ತಿಳಿದಿದ್ದೆ. ಈಗ ಅವು ಒಂದೇ ಸಂಗತಿಯಂತೆ ಕಂಡವು.

ಗಾಜು, ತಾಮ್ರ, ರಬ್ಬರ್, ಎಣ್ಣೆ ಯಾವುದೂ ನಾವು ಅಂದುಕೊಂಡಷ್ಟು ಒಣಗಿರುವುದಿಲ್ಲ. ಎಲ್ಲದರ ಮೈಮೇಲೂ ಕಣ್ಣಿಗೆ ಕಾಣದ ನೀರಿನ ಪದರ. ರಬ್ಬರು ಮತ್ತು ಎಣ್ಣೆ ಅದನ್ನು ಒಳಗೂ ಕುಡಿದಿರುತ್ತವೆ. ಸುತ್ತ ಗಾಳಿ ತುಂಬಿರುವ ತನಕ ಅದು ಯಾರ ಗಮನಕ್ಕೂ ಬರುವುದಿಲ್ಲ. ಗಾಳಿಯನ್ನು ಎಳೆದು ಜಾಗ ಬರಿದು ಮಾಡಿದರೆ ಆ ನೀರು ಆವಿಯಾಗಿ ಏಳುತ್ತದೆ. ಮೇಲಿನದು ಮೊದಲು, ಬೇಗ. ಒಳಗಿನದು ಮೇಲಕ್ಕೆ ನಡೆದು ಬರಬೇಕು, ಆದ್ದರಿಂದ ತಡ.

ಇದನ್ನು ಮನೆಯಲ್ಲಿ ಹುಡುಗಿಗೆ ಹೇಳಿದೆ. ಅವಳು ರೊಟ್ಟಿ ಮುರಿಯುತ್ತ, "ಸಂಡಿಗಿ ಇದ್ದಂಗ," ಎಂದಳು. "ಮ್ಯಾಲ ಮುಟ್ಟಿದ್ರ ಕಟಕಟ ಅಂತದ, ಡಬ್ಬ್ಯಾಗ ಹಾಕಿದ್ರ ಬೂಸರು ಬರ್ತದ. ಒಳಗ ಹಸೀನೇ ಇರ್ತದಲ್ಲ. ಬಿಸಲಾಗ ಮತ್ತ ಹಾಕಬೇಕು."

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ. ನಾನು ಹೊತ್ತಿನ ಬಗ್ಗೆ ಮಾತ್ರ ಯೋಚಿಸಿದ್ದೆ. ಬಿಸಿಲನ್ನು ಬಿಟ್ಟಿದ್ದೆ.

ಮರುದಿನ ಮೆಕ್ಯಾನಿಕ್‌ಗೆ ಒಂದೇ ಪ್ರಶ್ನೆ ಕೇಳಿದೆ. "ನೀವು ಮಾಡಿದ್ದು ಯಾವ ಫ್ರಿಜ್ ತಿರುಗಿ ಬರ್ತಾವ?"

"ಬ್ಯಾಸಗ್ಯಾಗ ಮಾಡಿದ್ದು ಒಂದೂ ಬಂದಿಲ್ರಿ. ಮಳಿಗಾಲದ್ದು, ಚಳಿಗಾಲದ್ದು ಬರ್ತಾವ. ಕರೆಂಟ್ ಸರಿ ಇರಂಗಿಲ್ಲಲ್ಲ."

"ಬ್ಯಾಸಗ್ಯಾಗ ಕರೆಂಟ್ ಭಾಳ ಸರಿ ಇರ್ತದೇನು?"

ಅವನು ತನ್ನ ಕಲ್ಲಿನ ಕಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದ. ಬೇಸಿಗೆಯಲ್ಲಿ ಆ ಕಟ್ಟೆಯ ಮೇಲೆ ಮೊಣಕಾಲೂರಲು ಅವನು ಒದ್ದೆ ಗೋಣಿಚೀಲ ಹಾಕಿಕೊಳ್ಳುತ್ತಾನೆ. ಕಂಪ್ರೆಸರ್ ಮುಟ್ಟಿದರೆ ಕೈ ಸುಡುತ್ತದೆ. ಆ ಬಿಸಿಯಲ್ಲಿ ಒಂದು ಚಹಾ ಸಾಕಾಗುತ್ತಿತ್ತು. ಈಗ ತಾಡಪತ್ರಿಯ ನೆರಳು, ತೊಯ್ದ ಕಲ್ಲು, ತಣ್ಣನೆಯ ಕಬ್ಬಿಣ. ಅದೇ ಒಂದು ಚಹಾ.

"ಅಂದ್ರ ಇಷ್ಟು ವರ್ಷ ಬಿಸಲು ನನ್ನ ಕೆಲಸ ಮಾಡ್ಯಾದ," ಎಂದ. "ಪಗಾರ ನಾ ತಗೊಂಡೀನಿ."

ಆಮೇಲೆ ಉಳಿದದ್ದನ್ನು ಅವನೇ ಬಿಡಿಸಿ ಹೇಳಿದ. ಫ್ರಿಜ್ಜಿನಲ್ಲಿ ಕೂದಲು ಹೋಗುವಷ್ಟು ಸಣ್ಣ ತೂತಿನ ತಾಮ್ರದ ನಳಿಗೆಯೊಂದಿದೆ. ಗ್ಯಾಸ್ ಅದರಿಂದ ಹೊರಬಿದ್ದ ಜಾಗದಲ್ಲೇ ತಂಪು ಹುಟ್ಟುತ್ತದೆ. ಚಾಕುವಿನ ತೂತಿನಿಂದ ಒಳಗೆ ಸೇರಿದ ನೀರು ಒಂದು ಹನಿ ಉಳಿದಿದ್ದರೂ ಅಲ್ಲಿಗೆ ಬಂದು ಐಸಾಗಿ ಬಿರಡೆಯಂತೆ ಕೂಡುತ್ತದೆ. ಗ್ಯಾಸ್ ನಿಂತು ಫ್ರಿಜ್ ಬೆಚ್ಚಗಾಗುತ್ತದೆ. ಬೆಚ್ಚಗಾದಾಗ ಬಿರಡೆ ಕರಗುತ್ತದೆ, ಫ್ರಿಜ್ ಮತ್ತೆ ಓಡುತ್ತದೆ. ಅವನು ಸುರಪುರದ ಬಸ್ ಇಳಿಯುವ ಹೊತ್ತಿಗೆ ಅದು ಕರಗಿರುತ್ತಿತ್ತು.

"ನನ್ನ ಮುಖಾ ನೋಡಿ ಅಲ್ರಿ ಹಂಗಾರ," ಎಂದ.

"ಬಸ್ ತಡಾ ಆಗಿದ್ದು ನೋಡಿ," ಎಂದೆ.

ಭಾನುವಾರ ಹುಡುಗಿಯೂ ನನ್ನ ಜೊತೆ ಬಂದಳು. ಮೆಕ್ಯಾನಿಕ್ ಕಂಪ್ರೆಸರಿಗೆ ಕಂಬಳಿ ಹೊದಿಸಿ, ಅದರ ಬಳಿ ಹಳೆಯ ಕಾಲದ ಬಿಸಿಯಾಗುವ ಬಲ್ಬೊಂದನ್ನು ತಗಡಿನ ಮರೆಯಲ್ಲಿ ಹಚ್ಚಿಟ್ಟ. ಫ್ರಿಜ್ಜಿನ ಒಳಗೊಂದು ಬಲ್ಬು ಇಟ್ಟ. ಎಷ್ಟು ಬಿಸಿ ಮಾಡಬೇಕೆಂದು ನಾನು ಕೇಳಿದೆ. ಅಂಗೈ ಇಟ್ಟು ತಾಳಿಕೊಳ್ಳುವಷ್ಟು ಎಂದ. ಅದಕ್ಕಿಂತ ಹೆಚ್ಚಾದರೆ ಒಳಗಿನ ತಂತಿಯ ಮೇಲಿನ ವಾರ್ನಿಶ್, ಎಣ್ಣೆ, ರಬ್ಬರ್ ತಾವೇ ಕೆಟ್ಟು ಹೊಗೆ ಬಿಡುತ್ತವೆ. ಆಗ ತೆಗೆಯಲು ಹೋದದ್ದಕ್ಕಿಂತ ಹೆಚ್ಚು ಹೊಲಸು ನಾವೇ ಹುಟ್ಟಿಸಿದಂತೆ. ಅದು ನನಗೆ ಹೊಳೆದಿರಲಿಲ್ಲ.

ಬಿಸಿ ಮಾಡುವ ಮೊದಲು ಒಮ್ಮೆ ವ್ಯಾಕ್ಯೂಮ್ ಮಾಡಿ ಮುಚ್ಚಿದೆವು. ಸೂಜಿ ಏರಿ ನಿಂತ ಜಾಗಕ್ಕೆ ನೇರವಾಗಿ ಹುಡುಗಿ ತನ್ನ ಹಣೆಯ ಟಿಕಳಿ ಕಿತ್ತು ಗೇಜಿನ ಗಾಜಿನ ಮೇಲೆ ಅಂಟಿಸಿದಳು. ಆಮೇಲೆ ಪಂಪು ಓಡಿಸಿ, ಕಂಬಳಿ ಬೆಚ್ಚಗಾದ ಮೇಲೆ ಮತ್ತೆ ಮುಚ್ಚಿ ನೋಡಿದೆವು.

ಸೂಜಿ ಟಿಕಳಿಯನ್ನು ದಾಟಿ ಹೋಯಿತು. ಮೊದಲಿಗಿಂತ ಬೇಗ, ಮೊದಲಿಗಿಂತ ಮೇಲೆ.

"ನೋಡ್ರಿ," ಎಂದ ಮೆಕ್ಯಾನಿಕ್. "ಇದ್ದದ್ದೂ ಕೆಟ್ಟಿತು."

ಹುಡುಗಿ ನನ್ನ ಮುಖ ನೋಡಿದಳು. ನನಗೂ ಖಾತ್ರಿಯಿರಲಿಲ್ಲ. ಆ ಕ್ಷಣದಲ್ಲಿ ನನ್ನ ಮುಂದಿದ್ದದ್ದು ಗೇಜಲ್ಲ, ಆಸ್ಪತ್ರೆಯ ಮಂಚ. ತಪ್ಪಾದರೆ ಈ ಪೆಟ್ಟಿಗೆಯಲ್ಲಿ ಇಡುವುದು ಅವಳ ಔಷಧ. ನಾನು ನಿಧಾನವಾಗಿ ಯೋಚಿಸಿದೆ. ಬಿಸಿ ಹೊಸ ನೀರನ್ನು ತರುವುದಿಲ್ಲ. ಇದ್ದದ್ದನ್ನು ಎಬ್ಬಿಸುತ್ತದೆ. ಹೆಚ್ಚು ಏಳುತ್ತಿದೆ ಎಂದರೆ ಹೆಚ್ಚು ಹೊರಗೆ ಹೋಗಬಲ್ಲದು, ನಾವು ಎಳೆಯುತ್ತಿದ್ದರೆ ಮಾತ್ರ.

"ಇನ್ನೂ ಓಡಿಸ್ರಿ," ಎಂದೆ.

"ಎಷ್ಟು ಚಹಾ?"

"ಚಹಾ ಬಿಡ್ರಿ ಭಾಯಿ. ಊಟಾ ಮಾಡಿ ಬರ್ರಿ."

ಅವನು ಊಟಕ್ಕೂ ಹೋಗಲಿಲ್ಲ. ಮನೆಯಿಂದ ಡಬ್ಬಿ ತರಿಸಿ ಅಲ್ಲೇ ಕೂತು ಉಂಡ. ಹುಡುಗಿಗೂ ಒಂದು ರೊಟ್ಟಿ ಕೊಟ್ಟ, ಸಿಹಿ ಮಾತ್ರ ಮುಚ್ಚಿಟ್ಟ. ಪಂಪಿನ ಹೊರಬಾಯಿಯಿಂದ ಸಿಡಿಯುವ ಎಣ್ಣೆಗೆ ಅವನು ಒಂದು ಸ್ಟೀಲ್ ಲೋಟ ಹಿಡಿದಿಟ್ಟಿದ್ದ. ಊಟದ ನಂತರ ಅದನ್ನು ಎತ್ತಿ ತೋರಿಸಿದ. ಜೇನಿನಂತೆ ತಿಳಿಯಾಗಿರಬೇಕಾದ ಎಣ್ಣೆ ಅಕ್ಕಿ ತೊಳೆದ ನೀರಿನಂತೆ ಮಂಜಾಗಿತ್ತು.

"ನಿಮ್ಮ ತಂಗಿ ಮನಿ ನೀರು," ಎಂದ. "ಸುರಪುರದ್ದು ಶಹಾಪುರಕ್ಕ ಬಂತು."

ಹುಡುಗಿ ಲೋಟದೊಳಗೆ ಇಣುಕಿ, "ಇಷ್ಟಕ್ಕ ನಾ ದವಾಖಾನಿ ಸೇರಿದ್ದಾ?" ಎಂದಳು.

ಮಧ್ಯಾಹ್ನ ಮತ್ತೆ ಮುಚ್ಚಿ ನೋಡಿದಾಗ ಸೂಜಿ ಟಿಕಳಿಯ ತನಕ ಮಾತ್ರ ಬಂತು. ಪಂಪಿನ ಎಣ್ಣೆ ಬದಲಿಸಿ ಮತ್ತೆ ಓಡಿಸಿದೆವು. ಇಳಿಹೊತ್ತಿಗೆ ಟಿಕಳಿಯ ಬಹಳ ಕೆಳಗೇ ನಿಂತಿತು. ಬಲ್ಬು ತೆಗೆದು, ಕಂಬಳಿ ಸರಿಸಿ, ಕಬ್ಬಿಣ ತಣ್ಣಗಾದ ಮೇಲೆ ಕೊನೆಯ ಸಲ ಮುಚ್ಚಿ ನೋಡಿದೆವು. ಸೂಜಿ ಅಲುಗಲೇ ಇಲ್ಲ ಎಂದು ನಾನು ಹೇಳಲಾರೆ. ನಮ್ಮ ಗೇಜಿಗೆ ಕಾಣುವಷ್ಟು ಅಲುಗಲಿಲ್ಲ. ಮೆಕ್ಯಾನಿಕ್ ಅಳಿದುಳಿದ ನೀರು ಹಿಡಿಯುವ ಮತ್ತೊಂದು ಹೊಸ ಫಿಲ್ಟರ್ ಹಾಕಿ, ಹಾಕುವಾಗ ಒಳಹೊಕ್ಕ ಗಾಳಿಯನ್ನು ಎಳೆಯಲು ಇನ್ನೊಮ್ಮೆ ಪಂಪು ಓಡಿಸಿ, ಆಮೇಲೆ ಗ್ಯಾಸ್ ತುಂಬಿದ.

ಫ್ರಿಜ್ ಸುರಪುರಕ್ಕೆ ಹೋಯಿತು. ನಾನು ತಂಗಿಯ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ತಿರುಗಣಿಯನ್ನು ನಡುವಿಗೆ ತಂದು, ಔಷಧ ಇಡಬೇಕಾದ ಕೆಳಗಿನ ಹಂತವನ್ನು ತೋರಿಸಿದೆ. ಅವಳು ಕೇಳಿದಳು, ಅರ್ಥ ಮಾಡಿಕೊಂಡಳು, ಆದರೂ ತಲೆಯಾಡಿಸಿದಳು.

"ನೀವು ನೋಡಾಕತ್ತಾಗ ಅದು ಮೊದಲೂ ಸರೀನೇ ಇತ್ತು. ಯಾರೂ ಇಲ್ಲದಾಗ ಏನು ಮಾಡ್ತದ, ಅದು ಹೇಳು."

ಶಹಾಪುರದಲ್ಲಿದ್ದ ಹುಡುಗಿಗೆ ಫೋನು ಮಾಡಿ ತಂಗಿಯ ಮುಂದೆ ಹಿಡಿದೆ, ಉತ್ತರ ಅವಳಿಂದ ಬಂತು. ಐಸ್ ಡಬ್ಬಿಯಲ್ಲಿ ಒಂದು ಬಟ್ಟಲು ನೀರು ಐಸು ಮಾಡಿ, ಅದರ ಮೇಲೆ ಒಂದು ರೂಪಾಯಿಯ ನಾಣ್ಯ ಇಡಬೇಕಂತೆ. ಯಾರೂ ಇಲ್ಲದಾಗ ಐಸು ಕರಗಿ ಮತ್ತೆ ಗಟ್ಟಿಯಾದರೆ ರೂಪಾಯಿ ತಳಕ್ಕೆ ಹೋಗಿರುತ್ತದೆ. ಕೆಳಗಿನ ಹಂತದಲ್ಲಿ ತೆಳು ಪ್ಲಾಸ್ಟಿಕ್ ಚೀಲದಲ್ಲಿ ತುಂಬ ನೀರು ಕಟ್ಟಿಡಬೇಕಂತೆ. ಅಲ್ಲಿ ಐಸಾದರೆ ಚೀಲ ಉಬ್ಬಿ ಸೀಳುತ್ತದೆ. "ಅವ್ವಾ, ನೀ ಹುಣಸಗಿಗಿ ಹೋಗಾಕಿ ಇದ್ದೀಯಲ್ಲ, ಇವು ಇಟ್ಟು ಹೋಗು," ಎಂದಳು.

ತಂಗಿ ಹುಣಸಗಿಯ ನೆಂಟರ ಮನೆಗೆ ಒಂದು ಮದುವೆಗೆ ಹೋಗಿ ಕೆಲವು ದಿನ ಇದ್ದು ಬಂದಳು. ಬಂದವಳು ಕೈಯ ಸಾಮಾನು ಕೆಳಗಿಡುವ ಮೊದಲು ಫ್ರಿಜ್ ತೆರೆದಳಂತೆ. ಆಮೇಲೆ ನನಗೆ ಫೋನು ಮಾಡಿದಳು.

"ರೂಪಾಯಿ ಮ್ಯಾಲೇ ಅದ. ಚೀಲಾನೂ ಹಂಗೇ ಅದ."

"ಆತಲ್ಲ."

"ನಾಳಿಗಿ ಬರ್ತೀನಿ."

ಮರುದಿನ ಶಹಾಪುರ ಬಸ್ ಸ್ಟ್ಯಾಂಡಿನಲ್ಲಿ ಹುಡುಗಿ ಔಷಧದ ಥರ್ಮಾಸನ್ನು ಎದೆಗೆ ಒತ್ತಿಕೊಂಡು ಮೊದಲೇ ಬಸ್ ಹತ್ತಿ ಕೂತಳು. ತಂಗಿ ಬಾಗಿಲ ಬಳಿ ನಿಂತು ನನ್ನನ್ನು ಕೇಳಿದಳು, "ಇನ್ನ ಅದು ಎಂದೂ ಕೆಡಂಗಿಲ್ಲ ಹೌದಿಲ್ಲೋ?"

ನಾನು ಕಂಡದ್ದನ್ನು ಮಾತ್ರ ಹೇಳಿದೆ. ನೀರು ಬಹುಪಾಲು ಹೋಗಿದೆ. ಎಣ್ಣೆಯೊಳಗೆ ಎಲ್ಲೋ ಸ್ವಲ್ಪ ಉಳಿದಿರಬಹುದು, ಅದು ನಿಧಾನವಾಗಿ ಹೊರಬರುತ್ತದೆ, ಅಷ್ಟನ್ನು ಫಿಲ್ಟರ್ ಹಿಡಿದುಕೊಳ್ಳುತ್ತದೆ ಎಂದು ನಂಬಿದ್ದೇವೆ. ರೂಪಾಯಿಯನ್ನು ತೆಗೆಯಬೇಡ. ಪ್ರತಿ ಸಲ ಚುಚ್ಚುವ ಮೊದಲು ಸೀಸೆ ನೋಡು.

"ಒಮ್ಮೆರ ಹೌದು ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತು?" ಎಂದಳು.

"ಹೌದು ಅಂದಿದ್ರ ನೀ ಸೀಸೆ ನೋಡೂದು ಬಿಡ್ತಿದ್ದಿ."

ಅವಳು ನನ್ನನ್ನೇ ದಿಟ್ಟಿಸಿದಳು. ಸಿಟ್ಟಾದಳು ಅಂದುಕೊಂಡೆ. ಒಳಗಿನಿಂದ ಹುಡುಗಿ ಕೂಗಿದಳು. "ಅವ್ವಾ, ಹತ್ತು ಲಗೂನ. ಸೀಟಿಗಿ ಯಾರರ ಕುಂಡ್ರತಾರ."

ತಂಗಿ ಹತ್ತಿದಳು. ಹುಡುಗಿ ಥರ್ಮಾಸನ್ನು ಬಿಸಿಲು ಬೀಳುತ್ತಿದ್ದ ಕಿಟಕಿಯ ಬದಿಯಿಂದ ಎತ್ತಿ ತಾಯಿಯ ತೊಡೆಯ ಮೇಲೆ ಇಟ್ಟಳು. ತಂಗಿ ಅದರ ಮೇಲೆ ಸೆರಗು ಎಳೆದಳು. ಬಸ್ ಸುರಪುರದ ರಸ್ತೆಗೆ ತಿರುಗುವ ತನಕ ಅವಳ ಕೈ ಅಲ್ಲೇ ಇತ್ತು.